ರಜೆಯ ಲೆಕ್ಕ, ಪರ್ವತದ ಲೆಕ್ಕ

ರಜೆ ದೊರೆತೊಡನೆ ದಿಲ್ಲಿಯಿಂದ ರಾತ್ರಿಯ ಬಸ್ಸು ಹಿಡಿದು ಹಿಮಾಲಯದತ್ತ ಹೊರಡುವ ಕನ್ನಡ ತರುಣರ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಗಲ್ಲೆಯ ಮುಂದೆ, ಕಡತಗಳ ನಡುವೆ ವರುಷವೆಲ್ಲ ಕಳೆಯುವವರಿಗೆ ನಿರ್ಮಲ ವಾಯು ಅವಶ್ಯವೇ ಸರಿ. ಆದರೆ ಮಾಲೀಕರು ಕೊಟ್ಟ ರಜೆಯ ಲೆಕ್ಕವನ್ನು ಪರ್ವತವು ಅರಿಯದು.

ಧರ್ಮಶಾಲೆಯ ಮೇಲ್ಗಡೆ, ಧೌಲಾಧಾರ್ ಶ್ರೇಣಿಯ ಇಂದ್ರಹಾರ್ ಕಣಿವೆದಾರಿಯನ್ನೇ ನೋಡೋಣ. ಅದರ ಎತ್ತರ 4,342 ಮೀಟರ್. ಕೆಳಗಿನ ತ್ರಿಯುಂಡ್ ಹುಲ್ಲುಗಾವಲಿನದು ಸುಮಾರು 2,850. ಅಲ್ಲಿಂದ ಹೊರಟರೆ ಒಂದೇ ಹಗಲಿನಲ್ಲಿ ಸುಮಾರು 1,500 ಮೀಟರ್ ಏರಿ, ಅಷ್ಟನ್ನೂ ಇಳಿಯಬೇಕು. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಹಾಕಿಕೊಟ್ಟ ಸೂತ್ರದಂತೆ, ಪ್ರತಿ 600 ಮೀಟರ್ ಏರಿಕೆಗೆ ನಡಿಗೆಯ ವೇಳೆಯ ಮೇಲೆ ಒಂದು ಗಂಟೆ ಕೂಡಿಸಬೇಕು. ಕಣಿವೆಯ ನೆತ್ತಿಯಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡಾ 60 ಮಾತ್ರ. ಆದುದರಿಂದ ಇನ್ನೂ ಹೆಚ್ಚು ವೇಳೆ ಬೇಕು.

ಏರುವ ದಿನಕ್ಕೆ ಮುನ್ನ ಎತ್ತರದ ನೆಲೆಯಲ್ಲಿ ಒಂದೆರಡು ರಾತ್ರಿ ತಂಗಿ ದೇಹವನ್ನು ಒಗ್ಗಿಸಿಕೊಳ್ಳಬೇಕು. ಸ್ಥಳೀಯ ಮಾರ್ಗದರ್ಶಿ ಜೊತೆಗಿರಲಿ. ಮಧ್ಯಾಹ್ನ ಮೋಡ ಕವಿಯುವುದರಿಂದ ನಸುಕಿನ ನಾಲ್ಕಕ್ಕೇ ಹೊರಡಬೇಕು. ಒಲೆ ಹೊತ್ತಿಸಲು ಆ ಹೊತ್ತಿಗೇ ಏಳುವ ಹೊಟೇಲು ಬಂಧುಗಳಿಗೆ ಇದು ಕಷ್ಟವಲ್ಲ. ಕಷ್ಟವಿರುವುದು, ಮೊದಲೇ ಗೊತ್ತುಪಡಿಸಿದ ಗಂಟೆಗೆ, ನೆತ್ತಿ ಕಣ್ಣೆದುರಿಗಿದ್ದರೂ ಹಿಂದಿರುಗುವುದರಲ್ಲಿ. ತಲೆನೋವು, ವಾಂತಿ ಕಂಡರಂತೂ ತಡಮಾಡದೆ ಇಳಿಯಬೇಕು.

'ಇಷ್ಟು ಖರ್ಚು ಮಾಡಿ ಬಂದೆವು, ಮತ್ತೆ ರಜೆ ಸಿಕ್ಕದು' ಎಂಬ ಹಟವೇ ಅಲ್ಲಿ ದೊಡ್ಡ ಅಪಾಯ. ಊರಿನಲ್ಲಿ ನಿಮ್ಮ ಸಂಪಾದನೆಯನ್ನೇ ನಂಬಿದವರಿದ್ದಾರೆ. ಕಣಿವೆ ಮುಂದಿನ ವರುಷವೂ ಅಲ್ಲೇ ಇರುತ್ತದೆ. ಅದನ್ನು ಏರಲು ನೀವೂ ಇರಬೇಕೆಂಬುದು ನಮ್ಮ ವಿನಂತಿ.