ಪರೀಕ್ಷಕರಿಗೂ ಬೇಕು ವರ್ಷಕ್ಕೊಂದು ಪರೀಕ್ಷೆ

ರಸ್ತೆ ಅಪಘಾತದ ಕಡತವನ್ನು ತೆರೆದರೆ ಅದರಲ್ಲಿ ಮೋಟಾರು ವಾಹನ ನಿರೀಕ್ಷಕರ ವರದಿಯೊಂದು ಕಾಣುತ್ತದೆ. ಜಖಂಗೊಂಡ ವಾಹನವನ್ನು ಪರಿಶೀಲಿಸಿ, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವೇ ಅಲ್ಲವೇ ಎಂಬುದನ್ನು ಅವರು ತಿಳಿಸಬೇಕು. ಸೇವೆಯಲ್ಲಿದ್ದಾಗ ನಾನು ಕಂಡ ಇಂಥ ವರದಿಗಳಲ್ಲಿ ಬಹುಪಾಲಿನ ಕೊನೆಯ ಸಾಲು ಒಂದೇ ಆಗಿತ್ತು: ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿದ್ದಲ್ಲ. ಈ ಸಾಲನ್ನು ಆಧರಿಸಿಯೇ ಪೊಲೀಸರು ಚಾಲಕನ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸುತ್ತಾರೆ. ಪರಿಹಾರದ ನ್ಯಾಯಮಂಡಳಿಯಲ್ಲಿ ವಾದ ಪ್ರತಿವಾದ ನಡೆಯುತ್ತದೆ. ಆ ವಾಹನ ರಸ್ತೆಗಿಳಿಯಲು ಯೋಗ್ಯವೆಂದು ಅದಕ್ಕೂ ಮೊದಲು ಅರ್ಹತಾ ಪತ್ರ ನೀಡಿದವರೂ ಇದೇ ವರ್ಗದ ಅಧಿಕಾರಿಗಳೇ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಎಷ್ಟು ಮಂದಿಯ ಸಾವಿನಲ್ಲಿ ವಾಹನದ ಪಾಲಿತ್ತು ಎಂಬ ಪ್ರಶ್ನೆಗೆ ನಮಗೆ ದೊರೆಯುವ ಉತ್ತರ ಈ ನಿರೀಕ್ಷಕರ ತಿಳಿವಳಿಕೆಯಷ್ಟೇ ವಿಶ್ವಾಸಾರ್ಹ.

ಆ ತಿಳಿವಳಿಕೆ ಯಾವ ಕಾಲದ್ದು? 1988ರ ಮೋಟಾರು ವಾಹನ ಕಾಯ್ದೆಯ 213ನೇ ಪ್ರಕರಣದಡಿ ಕೇಂದ್ರ ಸರ್ಕಾರ 1989ರಲ್ಲಿ ನಿರೀಕ್ಷಕರ ಕನಿಷ್ಠ ಅರ್ಹತೆಗಳನ್ನು ಗೊತ್ತುಪಡಿಸಿತು. ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ, ವರ್ಕ್‌ಶಾಪಿನಲ್ಲಿ ಒಂದು ವರ್ಷದ ಅನುಭವ, ಭಾರೀ ವಾಹನ ಓಡಿಸುವ ಲೈಸೆನ್ಸ್. ಇವೆಲ್ಲ ಸೇವೆಗೆ ಸೇರುವ ದಿನ ಇರಬೇಕಾದವು. ಸೇರಿದ ಮೇಲೆ ನಿವೃತ್ತಿಯವರೆಗೆ, ನಿಮ್ಮ ತಾಂತ್ರಿಕ ಜ್ಞಾನ ಇಂದಿಗೂ ಸಾಕಷ್ಟಿದೆಯೇ ಎಂದು ಕೇಳುವ ಪರೀಕ್ಷೆ ಈ ಅಧಿಸೂಚನೆಯಲ್ಲಿಲ್ಲ. ಇಲಾಖಾ ಪರೀಕ್ಷೆಗಳು ಉಂಟು, ಸರಿ. ಆದರೆ ಸರ್ಕಾರಿ ನೌಕರರೆಲ್ಲರಿಗೂ ಗೊತ್ತಿರುವಂತೆ ಅವುಗಳ ಒಲವು ಲೆಕ್ಕಪತ್ರ ಮತ್ತು ನಿಯಮಾವಳಿಯ ಕಡೆಗೆ. ಆಗಾಗ ತರಬೇತಿ ಶಿಬಿರಗಳೂ ನಡೆಯುತ್ತವೆ. ಹಾಜರಿ ಹಾಕಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಕಲಿತದ್ದೇನು ಎಂದು ಯಾರೂ ಕೇಳುವುದಿಲ್ಲ.

ನಮ್ಮ ಜನ ಇಂದಿಗೂ ಇವರನ್ನು 'ಬ್ರೇಕ್ ಇನ್‌ಸ್ಪೆಕ್ಟರ್' ಎಂದೇ ಕರೆಯುತ್ತಾರೆ. ಬ್ರೇಕು ಹಿಡಿಯುತ್ತದೆಯೇ ಎಂದು ನೋಡಿದರೆ ಕೆಲಸ ಮುಗಿಯುತ್ತಿದ್ದ ಕಾಲದ ಹೆಸರು ಅದು. ಆ ಬ್ರೇಕನ್ನೇ ಈಗ ಎಲೆಕ್ಟ್ರಾನಿಕ್ ಘಟಕವೊಂದು ನಿಯಂತ್ರಿಸುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಯ ಹೊಗೆಯನ್ನು ಶುದ್ಧೀಕರಿಸುವ ವ್ಯವಸ್ಥೆ ಸಣ್ಣದೊಂದು ರಾಸಾಯನಿಕ ಕಾರ್ಖಾನೆಯೇ ಸರಿ. ಬೆಂಗಳೂರಿನಲ್ಲಿ ಓಡುತ್ತಿರುವ ವಿದ್ಯುತ್ ಬಸ್ಸುಗಳಲ್ಲಿ ನೂರಾರು ವೋಲ್ಟಿನ ಕೇಬಲ್ಲುಗಳಿವೆ. ಕಾರ್ಬುರೇಟರ್ ಕಾಲದಲ್ಲಿ ಡಿಪ್ಲೊಮಾ ಪಡೆದವರು ಇವನ್ನು ಸ್ವಂತ ಆಸಕ್ತಿಯಿಂದ ಕಲಿತಿರಬಹುದು. ಹಾಗೆ ಕಲಿತ ನಿಷ್ಠಾವಂತರನ್ನು ನಾನು ಬಲ್ಲೆ. ಆದರೆ ಕಲಿಯದವರ ಸಹಿಗೂ ಕಲಿತವರ ಸಹಿಗೂ ಕಾನೂನಿನ ಕಣ್ಣಿನಲ್ಲಿ ಒಂದೇ ಬೆಲೆ.

ಬ್ರಿಟನ್ನಿನ ಕ್ರಮವನ್ನು ಇಲ್ಲಿ ಗಮನಿಸಬೇಕು. ಅಲ್ಲಿ ವಾಹನಗಳ ಕಡ್ಡಾಯ ತಪಾಸಣೆ ಆರಂಭವಾದದ್ದು 1960ರಲ್ಲಿ. ಕಾರುಗಳನ್ನು ತಪಾಸಣೆ ಮಾಡುವವರು ಸರ್ಕಾರಿ ನೌಕರರಲ್ಲ, ಸರ್ಕಾರದ ಅನುಮತಿ ಪಡೆದ ಖಾಸಗಿ ಗ್ಯಾರೇಜುಗಳ ಪರೀಕ್ಷಕರು. 2016ಕ್ಕೆ ಮುಂಚೆ ಅವರಿಗೆ ಐದು ವರ್ಷಕ್ಕೊಮ್ಮೆ ಪುನಶ್ಚೇತನ ತರಬೇತಿ ಇತ್ತು. ವಾಹನ ಅಷ್ಟು ನಿಧಾನವಾಗಿ ಬದಲಾಗುತ್ತಿಲ್ಲವೆಂದು ಮನಗಂಡು ಆ ವರ್ಷ ಅದನ್ನು ವಾರ್ಷಿಕಗೊಳಿಸಿದರು. ಪರೀಕ್ಷಕ ವರ್ಷಕ್ಕೆ ಕನಿಷ್ಠ ಮೂರು ತಾಸು, ಐದು ವರ್ಷದಲ್ಲಿ ಒಟ್ಟು 16 ತಾಸು ಅಭ್ಯಾಸ ಮಾಡಿ ಅದರ ದಾಖಲೆ ಇಡಬೇಕು. ಯಾವ ವಿಷಯ ಓದಬೇಕೆಂಬುದನ್ನು ಆಯಾ ವರ್ಷ ಸರ್ಕಾರಿ ಸಂಸ್ಥೆಯೇ ತಿಳಿಸುತ್ತದೆ. ಮಾರ್ಚ್ 31ರೊಳಗೆ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು. ಮೊದಲ ವರ್ಷ ಉತ್ತೀರ್ಣಾಂಕ ಶೇ 50 ಇತ್ತು; ವರ್ಷ ವರ್ಷ ಹತ್ತತ್ತು ಏರಿಸಿ ಶೇ 80ಕ್ಕೆ ತಂದು ನಿಲ್ಲಿಸಿದರು. ಗಡುವು ಮೀರಿದವನು ಏಪ್ರಿಲ್‌ನಿಂದ ಒಂದೇ ಒಂದು ವಾಹನವನ್ನೂ ಪರೀಕ್ಷಿಸುವಂತಿಲ್ಲ. ಬಾಕಿ ಅಭ್ಯಾಸ ಮುಗಿಸಿ, ಉತ್ತೀರ್ಣನಾಗಿ, ಸರ್ಕಾರಿ ಅಧಿಕಾರಿಯ ಎದುರು ಒಂದು ವಾಹನವನ್ನು ಪರೀಕ್ಷಿಸಿ ತೋರಿಸಿದ ಮೇಲೆಯೇ ಅಧಿಕಾರ ಮರಳುತ್ತದೆ. ಕಲಿಕೆಗೂ ಸಹಿಯ ಅಧಿಕಾರಕ್ಕೂ ಇರುವ ಈ ಗಂಟೇ ಆ ವ್ಯವಸ್ಥೆಯ ಜೀವಾಳ.

ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಿದ ಮಾತ್ರಕ್ಕೆ ಸ್ಟೀರಿಂಗ್ ಕೀಲಿನ ಸವೆತ ಬೆರಳಿಗೆ ತಿಳಿಯುತ್ತದೆಯೇ ಎಂದು ಕೇಳಬಹುದು. ತಿಳಿಯುವುದಿಲ್ಲ. ವಾಹನವನ್ನು ಕಣ್ಣಿನಿಂದಲೂ ನೋಡದೆ ಪ್ರಮಾಣಪತ್ರ ನೀಡುವ ವಂಚನೆ ಬ್ರಿಟನ್ನಿನಲ್ಲೂ ನಡೆದಿದೆ, ಸಿಕ್ಕಿಬಿದ್ದವರು ಜೈಲು ಕಂಡದ್ದೂ ಇದೆ. ಅದಕ್ಕೇ ಅವರು ಪರೀಕ್ಷೆಯೊಂದನ್ನೇ ನೆಚ್ಚಿಕೊಂಡಿಲ್ಲ. ಪ್ರತಿಯೊಬ್ಬ ಪರೀಕ್ಷಕ ನೋಡಿದ ವಾಹನಗಳಲ್ಲಿ ಶೇಕಡ ಎಷ್ಟು ಅನುತ್ತೀರ್ಣವಾದವು, ಒಂದೊಂದಕ್ಕೆ ಎಷ್ಟು ಹೊತ್ತು ಹಿಡಿಯಿತು, ಬ್ರೇಕಿನಲ್ಲಿ ಎಷ್ಟು ದೋಷ, ಟೈರಿನಲ್ಲಿ ಎಷ್ಟು ಎಂಬುದನ್ನು ರಾಷ್ಟ್ರೀಯ ಸರಾಸರಿಯೊಂದಿಗೆ ಹೋಲಿಸಿ ಗ್ಯಾರೇಜಿಗೆ ತೋರಿಸುತ್ತಾರೆ. ಅರ್ಥಶಾಸ್ತ್ರ ಓದಿದವನಾಗಿ ನನಗೆ ಇದು ಪರೀಕ್ಷೆಗಿಂತಲೂ ಹೆಚ್ಚು ಹಿಡಿಸಿದ ಉಪಾಯ. ನಮ್ಮಲ್ಲಿ 'ವಾಹನ್' ದತ್ತಾಂಶ ವ್ಯವಸ್ಥೆ ಆಗಲೇ ಇದೆ. ಯಾವ ನಿರೀಕ್ಷಕರ ಸಹಿಯಲ್ಲಿ ಇಡೀ ವರ್ಷ ಒಂದು ಬಸ್ಸೂ ಅನುತ್ತೀರ್ಣವಾಗಲಿಲ್ಲ ಎಂಬುದನ್ನು ಕಂಡುಹಿಡಿಯಲು ಹೊಸ ಯಂತ್ರವೇನೂ ಬೇಡ. ಕೇಳುವ ಮನಸ್ಸು ಬೇಕು.

ಯಂತ್ರದ ಮಾತು ಬಂತು. ಸ್ವಯಂಚಾಲಿತ ತಪಾಸಣಾ ಕೇಂದ್ರಗಳು ಬಂದರೆ ನಿರೀಕ್ಷಕರ ಜ್ಞಾನದ ಗೊಡವೆಯೇ ಇರುವುದಿಲ್ಲ ಎಂಬ ವಾದ ಅಧಿಕಾರಿಗಳ ವಲಯದಲ್ಲಿ ಕೇಳಿಬರುತ್ತದೆ. ಈ ಕೇಂದ್ರಗಳ ನಿಯಮಗಳನ್ನು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಭಾರೀ ವಾಹನಗಳಿಗೆ 2023ರ ಏಪ್ರಿಲ್‌ನಿಂದಲೇ ಕಡ್ಡಾಯವೆಂದು ಹೇಳಿ ಬಳಿಕ ಗಡುವನ್ನು 2024ರ ಅಕ್ಟೋಬರ್‌ಗೆ ಮುಂದೂಡಿತು. ಯಂತ್ರ ಬರಲಿ, ಸ್ವಾಗತ. ಬ್ರೇಕಿನ ಬಲ, ಹೊಗೆಯ ಸಾಂದ್ರತೆ, ದೀಪದ ಕೋನ ಇವನ್ನೆಲ್ಲ ಅದು ಮನುಷ್ಯನಿಗಿಂತ ಚೆನ್ನಾಗಿ ಅಳೆಯುತ್ತದೆ. ಆದರೆ ಚಾಸಿಯ ಬೆಸುಗೆಯಲ್ಲಿನ ಬಿರುಕು, ಬಣ್ಣ ಬಳಿದು ಮುಚ್ಚಿದ ತುಕ್ಕು, ಎಫ್‌ಸಿ ದಿನಕ್ಕೆಂದೇ ಬಾಡಿಗೆಗೆ ತಂದು ಹಾಕಿದ ಟೈರು (ಸಂಜೆ ಅದು ಇನ್ನೊಂದು ಲಾರಿಗೆ ಹೋಗುತ್ತದೆ) ಇವನ್ನು ಕಾಣಬೇಕಾದದ್ದು ಕಣ್ಣು.

ದೂರ ಪ್ರಯಾಣದ ಬಸ್ಸುಗಳನ್ನೇ ತೆಗೆದುಕೊಳ್ಳಿ. 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಬೆಂಕಿಗೆ ಸಿಕ್ಕಿ ಸುಮಾರು 20 ಜನ ಸತ್ತರು. ಎರಡರಲ್ಲೂ ಕಿಡಿ ಹೊತ್ತಿದ ಕಾರಣ ಬೇರೆ ಬೇರೆ. ಒಳಗಿದ್ದವರು ಹೊರಬರಲಾಗದೆ ಸತ್ತರೆಂಬುದು ಒಂದೇ. ಬಸ್ಸಿನ ಕವಚಕ್ಕೆ ಎಐಎಸ್-052, ಸ್ಲೀಪರ್ ಬಸ್ಸಿಗೆ ಎಐಎಸ್-119 ಎಂಬ ಮಾನದಂಡಗಳಿವೆ. ತುರ್ತು ದ್ವಾರಗಳು ಎಷ್ಟು, ಎಲ್ಲಿ, ನಡುದಾರಿ ಎಷ್ಟು ಅಗಲ ಎಂಬುದು ಅವುಗಳಲ್ಲಿದೆ. ಮಾಲೀಕ ಗ್ಯಾರೇಜಿನಲ್ಲಿ ಇನ್ನೆರಡು ಬರ್ತ್ ಸೇರಿಸಿ ತುರ್ತು ದ್ವಾರಕ್ಕೆ ಅಡ್ಡವಾಗಿಸಿದರೆ ಬ್ರೇಕು ಅಳೆಯುವ ರೋಲರು ಅದನ್ನು ಹೇಳಲಾರದು. ಆ ಮಾನದಂಡ ಓದಿಕೊಂಡ ವ್ಯಕ್ತಿ ಒಳಹೊಕ್ಕು ಟೇಪು ಹಿಡಿಯಬೇಕು.

ಸಮಸ್ಯೆ ಅಜ್ಞಾನವಲ್ಲ, ಭ್ರಷ್ಟಾಚಾರ ಎಂದು ಓದುಗರು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ಅರ್ಧ ಸತ್ಯ. ಲಂಚ ಪಡೆದು ಬಿಟ್ಟುಬಿಟ್ಟವನೂ ತಿಳಿಯದೆ ಬಿಟ್ಟುಬಿಟ್ಟವನೂ ಕಾಗದದ ಮೇಲೆ ಒಂದೇ ರೀತಿ ಕಾಣುತ್ತಾರೆ. 'ನನಗೆ ಗೊತ್ತಾಗಲಿಲ್ಲ' ಎಂಬ ಸಮಜಾಯಿಷಿಯ ಹಿಂದೆ ಮೊದಲನೆಯವನು ಅಡಗುತ್ತಾನೆ. ಕಳೆದ ಮಾರ್ಚ್‌ನಲ್ಲಿ ಅದೇ ವಿಷಯದಲ್ಲಿ ಶೇ 80 ಅಂಕ ಪಡೆದವನು ವಿಚಾರಣಾಧಿಕಾರಿಯ ಮುಂದೆ ಹಾಗೆನ್ನಲಾರ.

ಹಿರಿಯ ಅಧಿಕಾರಿಗಳನ್ನು ಪರೀಕ್ಷೆಗೆ ಕೂರಿಸುವುದು ಅವಮಾನವೆಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ನೂರಾರು ಪ್ರಯಾಣಿಕರನ್ನು ಹೊತ್ತೊಯ್ಯುವ ವಿಮಾನದ ಪೈಲಟ್ಟು ವೃತ್ತಿಯುದ್ದಕ್ಕೂ ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗುತ್ತಾನೆ. ಹಣದ ಪ್ರಶ್ನೆ ಮಾತ್ರ ನಿಜವಾದದ್ದು. ಆಯವ್ಯಯ ಕಡಿತದ ಸುತ್ತೋಲೆ ಬಂದಾಗ ಮೊದಲು ಕತ್ತರಿ ಬೀಳುವುದು ತರಬೇತಿಯ ಲೆಕ್ಕಶೀರ್ಷಿಕೆಗೆ. ಆ ಸಭೆಗಳಲ್ಲಿ ನಾನೂ ಕೂತಿದ್ದೇನೆ. ಆದ್ದರಿಂದ ಅರ್ಹತಾ ಪತ್ರದ ಶುಲ್ಕದ ಒಂದು ಪಾಲನ್ನು ಇದಕ್ಕೆಂದೇ ಮೀಸಲಿಡುವುದು ಒಳಿತು.

ಇದಕ್ಕೆ ಕಾಯ್ದೆಯ ತಿದ್ದುಪಡಿಗಾಗಿ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲವೆಂದು ನನ್ನ ಅಭಿಪ್ರಾಯ. ಕನಿಷ್ಠ ಅರ್ಹತೆಯನ್ನು ಕೇಂದ್ರ ಹೇಳಿದೆ. ಅದರ ಮೇಲೆ ಸೇವಾ ನಿಯಮದಲ್ಲಿ ವಾರ್ಷಿಕ ಪರೀಕ್ಷೆ ಸೇರಿಸಲು ರಾಜ್ಯಕ್ಕೆ ಅಡ್ಡಿ ಕಾಣದು. ಪ್ರಶ್ನೆಪತ್ರಿಕೆಯನ್ನು ಇಲಾಖೆಯೇ ತಯಾರಿಸಬಾರದು, ಎಂಜಿನಿಯರಿಂಗ್ ಕಾಲೇಜುಗಳಿಗೆ ಒಪ್ಪಿಸಲಿ. ಅರ್ಧ ಅಂಕ ಬರವಣಿಗೆಗೆ, ಇನ್ನರ್ಧ ದೋಷಗಳನ್ನು ಬೇಕೆಂದೇ ಇಟ್ಟ ಒಂದು ಬಸ್ಸಿನ ತಪಾಸಣೆಗೆ ಇರಲಿ. ಗುಜರಿಗೆ ಹೋಗುವ ಸಾರಿಗೆ ಬಸ್ಸುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಮೊದಲ ವರ್ಷ ಅನುತ್ತೀರ್ಣರಾದವರಿಗೆ ಇನ್ನೊಂದು ಅವಕಾಶವಿರಲಿ. ತಪಾಸಣಾ ಕೇಂದ್ರಗಳನ್ನು ನಡೆಸುವ ಖಾಸಗಿಯವರ ಸಿಬ್ಬಂದಿಗೂ ಇದೇ ಪರೀಕ್ಷೆ ಅನ್ವಯಿಸಬೇಕು, ಮತ್ತು ಆ ಷರತ್ತು ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅದರೊಳಗೆ ಇರಬೇಕು. ಸಹಿಯಾದ ಒಪ್ಪಂದಕ್ಕೆ ಹೊಸ ಷರತ್ತು ಸೇರಿಸಲು ಹೊರಟರೆ ಗುತ್ತಿಗೆದಾರ ನೇರವಾಗಿ ಹೈಕೋರ್ಟಿಗೆ ಹೋಗುತ್ತಾನೆ.