ಗಾಡಿ ಮಾಲಕರದು, ನಷ್ಟ ಯಾರದು?

ಒಬ್ಬರ ಕೈಕೆಳಗೆ ಇನ್ನೊಬ್ಬರು ದುಡಿಯುವಾಗ ಎರಡು ಮಾತು ಮೊದಲೇ ಇತ್ಯರ್ಥವಾಗಿರಬೇಕು. ಕೆಲಸ ಎಷ್ಟು ಹೊತ್ತಿನೊಳಗೆ, ಹೇಗೆ ಆಗಬೇಕೆಂದು ಹೇಳುವವರು ಯಾರು ಎಂಬುದು ಒಂದು. ಅದರಲ್ಲಿ ಏರುಪೇರಾದರೆ ಕೈಯಿಂದ ಕಟ್ಟಿಕೊಡುವವರು ಯಾರು ಎಂಬುದು ಇನ್ನೊಂದು. ಸ್ವಂತ ಅಂಗಡಿ ಇಟ್ಟವನಿಗೆ ಎರಡೂ ತನ್ನ ಪಾಲಿನವೇ. ಸರ್ಕಾರಿ ನೌಕರನ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಸರ್ಕಾರದ್ದೇ. ಟ್ರಾನ್ಸ್‌ಪೋರ್ಟ್ ಕಂಪನಿಯ ಲಾರಿ ಡ್ರೈವರನ ಮಟ್ಟಿಗೆ ಮಾತ್ರ ಹೇಳುವವರು ಕಂಪನಿಯವರು, ಕಟ್ಟಿಕೊಡುವವನು ಡ್ರೈವರ್. ಇದು ನ್ಯಾಯವೇ? ಅಲ್ಲವಾದರೆ ಸರಿಪಡಿಸಲು ದಾರಿ ಉಂಟೇ?

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಇದು ಮನೆಮನೆಯ ಪ್ರಶ್ನೆ. ಪುಣೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಇಲ್ಲಿಂದಲೇ ಹಾಯುತ್ತದೆ. ಬೀದರ್‌ನಿಂದ ಕಲಬುರಗಿಗೆ ಇಳಿಯುವ ಹೆದ್ದಾರಿ 50 ಹುಮನಾಬಾದಿನಲ್ಲಿ ಅದನ್ನು ಕೂಡುತ್ತದೆ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವವರು, ಪಾಟಾ ಕೂಡಿಸುವವರು, ಹಳೆ ಗಾಡಿ ಕೊಟ್ಟು ಕೊಳ್ಳುವವರು ಎಲ್ಲರೂ ಇದ್ದಾರೆ. ಸುತ್ತಲಿನ ಹೊಲಗಳು ಮಳೆ ನಂಬಿದವು. ತೊಗರಿ, ಸೋಯಾ ಕೈಕೊಟ್ಟ ವರ್ಷ ಮೋರಖಂಡಿಯಂಥ ಹಳ್ಳಿಯ ಹುಡುಗನಿಗೆ ಕ್ಲೀನರನಾಗಿ ಗಾಡಿ ಹತ್ತುವುದು ತೀರ ಹತ್ತಿರದ ದಾರಿ. ಉಸ್ತಾದನ ಬೈಗುಳ ತಿನ್ನುತ್ತ ಗೇರು ಕಲಿಯುತ್ತಾನೆ, ಲೈಸೆನ್ಸ್ ಮಾಡಿಸುತ್ತಾನೆ, ಒಂದು ದಿನ ತಾನೇ ಉಸ್ತಾದನಾಗುತ್ತಾನೆ. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನೂ ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಕೆಲಸದ ಬಾಗಿಲು ಅಗಲವಾಯಿತು, ಒಳಗಿನ ಸ್ಥಿತಿ ಇದ್ದಂತೆಯೇ ಉಳಿಯಿತು.

ಆ ಸ್ಥಿತಿ ತಿಳಿಯಬೇಕಾದರೆ ಒಂದು ಟ್ರಿಪ್ಪಿನ ಹಿಸಾಬು ಮುಗಿಯುವವರೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತರೆ ಸಾಕು. ಡ್ರೈವರ್ ಪ್ಲಾಸ್ಟಿಕ್ ಚೀಲದಿಂದ ಚೀಟಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಡುತ್ತಾನೆ. ಕಾಟಾ ಚೀಟಿ, ಹಮಾಲಿ, ಪಂಕ್ಚರ್, ಹರಿದ ತಾಡಪತ್ರಿಗೆ ಹಾಕಿಸಿದ ಹೊಲಿಗೆ. ಚೀಟಿ ಇಲ್ಲದ ಖರ್ಚೂ ಇರುತ್ತವೆ, ಅವುಗಳ ಹೆಸರು ಮೇಜಿನ ಎರಡೂ ಬದಿಯವರಿಗೆ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುನೀಮ ಮೊದಲು ಕೇಳುವುದು ಎವರೇಜ್. ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಕಂಪನಿ ಮೊದಲೇ ಗೊತ್ತುಮಾಡಿದೆ. ಘಾಟಿ ಹತ್ತಿದ್ದು, ಪುಣೆಯ ಹೊರವಲಯದಲ್ಲಿ ಮೊದಲನೇ ಗೇರಿನಲ್ಲೇ ತಾಸುಗಟ್ಟಲೆ ಸರಿದಿದ್ದು ಆ ಲೆಕ್ಕದಲ್ಲಿಲ್ಲ. ಹೆಚ್ಚು ಉರಿದ ಡೀಸೆಲ್ ಡ್ರೈವರನ ಕೂಲಿಯಲ್ಲಿ ಕಡಿತವಾಗುತ್ತದೆ. ಆಮೇಲೆ ಮಾಲಿನ ತೂಕ. ತುಂಬಿಸಿದ ಕಾಟಾಕ್ಕೂ ಇಳಿಸಿದ ಕಾಟಾಕ್ಕೂ ವ್ಯತ್ಯಾಸ ಬಂದಿದ್ದರೆ, ಕಾಳಿನ ತೇವ ಆರಿದ್ದರಿಂದಲೇ ಬಂದಿದ್ದರೂ, ಅದೂ ಅವನ ತಲೆಗೆ. ಗೋದಾಮಿನ ಮುಂದೆ ಎರಡು ದಿನ ಲೈನಿನಲ್ಲಿ ನಿಂತಿದ್ದಕ್ಕೆ ಹಾಲ್ಟಿಂಗ್ ಕೇಳಿದರೆ, "ಪಾರ್ಟಿ ಕೊಟ್ಟಿಲ್ಲ, ನಾವೆಲ್ಲಿಂದ ತರೋದು?" ಎಂಬ ಉತ್ತರ. ಕೊನೆಗೆ, ಹೊರಡುವಾಗ ಕೊಟ್ಟ ಅಡ್ವಾನ್ಸ್ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಕೆಲವೊಮ್ಮೆ ಏನೂ ಉಳಿಯದೆ ಮುಂದಿನ ಟ್ರಿಪ್ಪಿಗೆ ಬಾಕಿ ನಿಲ್ಲುತ್ತದೆ.

ಈ ಹಿಸಾಬಿನಲ್ಲಿ ಕಡಿತವಾದ ಒಂದೊಂದನ್ನೂ ಹಿಡಿದು ಕೇಳಿ ನೋಡಿ: ಇದನ್ನು ತಡೆಯುವುದು ಯಾರ ಕೈಯಲ್ಲಿತ್ತು? ಯಾವ ದಾರಿ, ಎಷ್ಟು ಲೋಡು, ಯಾವ ಗಾಡಿ, ಯಾವ ಗೋದಾಮು ಎಂಬುದರಲ್ಲಿ ಒಂದನ್ನೂ ಡ್ರೈವರ್ ತೀರ್ಮಾನಿಸಿಲ್ಲ. ಸವೆದ ಟೈರನ್ನು ಇನ್ನೊಂದು ಟ್ರಿಪ್ ಓಡಿಸೋಣ ಎಂದವನೂ ಅವನಲ್ಲ. ತನ್ನ ಕೈಯಲ್ಲಿಲ್ಲದ್ದಕ್ಕೆ ದಂಡ ತೆರುವವನನ್ನು ಕಂಪನಿ ಗುತ್ತಿಗೆದಾರನಂತೆ ನಡೆಸಿಕೊಳ್ಳುತ್ತದೆ. ಅದೇ ಮನುಷ್ಯ ರಾತ್ರಿ ಮೂರಕ್ಕೆ ಫೋನ್ ಎತ್ತದಿದ್ದರೆ ಆಳಿನಂತೆ ಬೈಯುತ್ತದೆ. ಹುಕುಂ ಮಾಡುವಾಗ ನೌಕರ, ಲುಕ್ಸಾನಾದಾಗ ಪಾಲುದಾರ. ಲಾಭದ ಹೊತ್ತಿಗೆ ಮಾತ್ರ ಪಾಲುದಾರಿಕೆಯ ನೆನಪಿರುವುದಿಲ್ಲ.

ಕಾನೂನಿಗೆ ಈ ಸೂಕ್ಷ್ಮ ಗೊತ್ತಿಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಓವರ್‌ಲೋಡಿಗೆ ಸಂಬಂಧಿಸಿದ್ದು. ಗಾಡಿ ಓಡಿಸುವವನು ಮಾಲಕನಲ್ಲದಿದ್ದರೆ, ಹೆಚ್ಚಿನ ಭಾರ ಹೇರಿದ್ದು ಮಾಲಕನಿಗೆ ತಿಳಿದೇ ಅಥವಾ ಅವನ ಆಜ್ಞೆಯಂತೆಯೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ರಸ್ತೆಯಲ್ಲಿ ಕೈಗೆ ಸಿಗುವವನು ಡ್ರೈವರ್, ಠಾಣೆಯ ಮುಂದೆ ನಿಲ್ಲುವವನೂ ಅವನೇ. ಕಲಂ ಹೇಳುವ ಮಾಲಕ ಅಲ್ಲಿ ಫೋನಿನ ದನಿಯಾಗಿ ಮಾತ್ರ ಇರುತ್ತಾನೆ.

ಇನ್ನು ಸಮಯದ ಮಾತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ದೂರದ ಹಾದಿಗೆ ಅನುಮತಿ ಪಡೆದರೂ ದಿನಕ್ಕೆ 10, ವಾರಕ್ಕೆ 54 ಮೀರುವಂತಿರಲಿಲ್ಲ. ಐದು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅದು ಅನ್ವಯವಾಗುತ್ತಿತ್ತು. ಆದರೆ ಒಂದು ಗಾಡಿ ಹೆಂಡತಿಯ ಹೆಸರಲ್ಲಿ, ಒಂದು ತಮ್ಮನ ಹೆಸರಲ್ಲಿ, ಒಂದು ಅಳಿಯನ ಹೆಸರಲ್ಲಿ ಇದ್ದರೆ ಕಾಗದದ ಮೇಲೆ ಸಂಸ್ಥೆಯೇ ಇಲ್ಲ. ಇನ್ನೊಂದು ವಿಚಿತ್ರವಿದೆ. ಟರ್ಮಿನಲ್‌ನಲ್ಲಿ ಸುಮ್ಮನೆ ಕಾಯುವ ಹೊತ್ತು 15 ನಿಮಿಷದೊಳಗಿದ್ದರೆ ಅದನ್ನು ಕೆಲಸದ ಅವಧಿಗೆ ಸೇರಿಸಬೇಕೆಂದು ಆ ಕಾಯ್ದೆ ಹೆಸರಿಸಿ ಹೇಳಿತ್ತು. ಬಸ್ಸಿನವರನ್ನು ಮನಸ್ಸಿನಲ್ಲಿಟ್ಟು ಬರೆದಂತಿದೆ. ಕಾರ್ಖಾನೆಯ ಗೇಟಿನ ಮುಂದೆ ದಿನಗಟ್ಟಲೆ ಕಾಯುವವನ ಚಿತ್ರ ಅದರಲ್ಲಿ ಕಾಣುವುದಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಇಂಥ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿವೆ. ಹೆಸರು ಬದಲಾಯಿತು; ಲಾರಿಯ ಕ್ಯಾಬಿನ್ನಿನೊಳಗೆ ಗಂಟೆ ಎಣಿಸುವವರು ಯಾರು ಎಂಬ ಪ್ರಶ್ನೆ ಹಾಗೆಯೇ ನಿಂತಿದೆ.

ಮಾಲಿನ ವಿಷಯದಲ್ಲಿ ಸರ್ಕಾರ ಎಣಿಸುತ್ತದೆ. ಜಿಎಸ್‌ಟಿಯ ಇ-ವೇ ಬಿಲ್ 2018ರಲ್ಲಿ ಬಂದಾಗ 100 ಕಿಲೋಮೀಟರಿಗೆ ಒಂದು ದಿನದ ಅವಧಿ ಕೊಡುತ್ತಿತ್ತು. 2021ರ ಜನವರಿಯಿಂದ ಅದು 200 ಕಿಲೋಮೀಟರಿಗೆ ಒಂದು ದಿನ ಆಯಿತು. ಹೈದರಾಬಾದಿನಿಂದ ಪುಣೆಗೆ ಸುಮಾರು 560 ಕಿಲೋಮೀಟರ್. ಆ ಲೆಕ್ಕದಲ್ಲಿ ಬಿಲ್ಲಿಗೆ ಮೂರು ದಿನದ ಆಯುಷ್ಯ. ಅದು ಮಾಲಿನ ಕಾಗದಕ್ಕೆ ಹಾಕಿದ ಗರಿಷ್ಠ ಅವಧಿಯೇ ಹೊರತು ಡ್ರೈವರನ ವೇಳಾಪಟ್ಟಿಯಲ್ಲ, ನಿಜ. ಆದರೂ ಕಾಗದಕ್ಕೆ ಸಿಕ್ಕ ಪುರಸೊತ್ತು ಮನುಷ್ಯನಿಗಿಲ್ಲ. ಅವನಿಗೆ ಸಿಗುವ ಮಾತು, "ನಾಳೆ ಸಂಜಿಗಿ ಇಳೀಬೇಕು ನೋಡು." ಗಾಡಿಗೆ ಜಿಪಿಎಸ್ ಇದೆ, ಟೋಲಿಗೆ ಫಾಸ್ಟ್ಯಾಗ್ ಇದೆ. ಲಾರಿ ಎಲ್ಲಿ, ಎಷ್ಟು ಹೊತ್ತು ನಿಂತಿತು ಎಂಬುದು ಆಫೀಸಿನ ಪರದೆಯ ಮೇಲೆ ಮೂಡುತ್ತದೆ. ನಿಂತದ್ದಕ್ಕೆ ಕಾರಣ ಕೇಳಲು ಬಳಕೆಯಾಗುವ ಆ ದಾಖಲೆ, ನಿಲ್ಲದೆ ಓಡಿದ್ದಕ್ಕೆ ಕೂಲಿ ಕೊಡಲು ಬಳಕೆಯಾಗುವುದಿಲ್ಲ.

ಇದಕ್ಕೆ ಮಾಲಕರ ಕಡೆಯಿಂದ ಬರುವ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಈ ದೇಶದ ಹೆಚ್ಚಿನ ಲಾರಿಗಳು ಒಂದೆರಡು, ನಾಲ್ಕೈದು ಗಾಡಿ ಇಟ್ಟುಕೊಂಡವರವು. ಆಟೋನಗರದ ಎಷ್ಟೋ ಮಾಲಕರು ನಿನ್ನೆಯ ಡ್ರೈವರ್‌ಗಳೇ. ತಿಂಗಳಾದರೆ ಕಂತು, ವರ್ಷವಾದರೆ ಇನ್ಶೂರೆನ್ಸ್, ಎಫ್‌ಸಿ. ಬಾಡಿಗೆ ಗೊತ್ತುಮಾಡುವವನು ಮಾಲು ಕಳಿಸುವ ದೊಡ್ಡ ವ್ಯಾಪಾರಿ, ನಡುವೆ ಕಮಿಷನ್ ಏಜೆಂಟ್. ಹಣ ತಿಂಗಳುಗಟ್ಟಲೆ ಬರುವುದಿಲ್ಲ, ಡೀಸೆಲ್ ಮಾತ್ರ ರೊಕ್ಕಕ್ಕೇ. ಸಣ್ಣ ಮಾಲಕ ಡ್ರೈವರನಿಗೆ ತಿಂಗಳ ಪಗಾರ, ಹಾಲ್ಟಿಂಗ್, ರಜೆ ಎಲ್ಲ ಕೊಡಲು ಹೊರಟರೆ ಗಾಡಿ ಫೈನಾನ್ಸಿನವರ ಅಂಗಳ ಸೇರುತ್ತದೆ. ಮಾತು ನಿಜ. ಆದರೆ ಇದರಿಂದ ಹೊರಡುವ ತೀರ್ಮಾನ ಬೇರೆ. ಸಣ್ಣ ಮಾಲಕನ ಮೇಲೆ ಬಿದ್ದ ಭಾರವನ್ನು ಅವನು ಡ್ರೈವರನ ಮೇಲೆ ಜಾರಿಸಬೇಕೆಂದಲ್ಲ, ಅದು ಬಂದ ಕಡೆಗೇ ತಿರುಗಬೇಕೆಂದು. ಆಸ್ಟ್ರೇಲಿಯಾದ ಭಾರಿ ವಾಹನಗಳ ಕಾನೂನಿನಲ್ಲಿ ಮಾಲು ಕಳಿಸುವವನು, ತುಂಬಿಸುವವನು, ವೇಳೆ ಗೊತ್ತುಮಾಡುವವನು, ತರಿಸಿಕೊಳ್ಳುವವನು ಎಲ್ಲರೂ ಸುರಕ್ಷತೆಯ ಹೊಣೆಯ ಸರಪಳಿಯಲ್ಲಿ ಸೇರಿದ್ದಾರೆ. ನಿದ್ದೆಗೆಟ್ಟು ಓಡಿಸಿದರೆ ಮಾತ್ರ ಮುಟ್ಟುವಂಥ ವೇಳೆ ಇಟ್ಟವನು, ತಾನು ಸ್ಟೇರಿಂಗ್ ಮುಟ್ಟಿಲ್ಲವೆಂದು ಕೈ ತೊಳೆದುಕೊಳ್ಳಲಾಗದು.

ಎರಡನೆಯ ಆಕ್ಷೇಪ ಡ್ರೈವರ್‌ಗಳಿಂದಲೇ ಬರುತ್ತದೆ. ತಿಂಗಳ ಪಗಾರಕ್ಕಿಂತ ಟ್ರಿಪ್ಪಿನ ಲೆಕ್ಕವೇ ಮೇಲು ಎನ್ನುವವರು ಬಹಳ. ಹೆಚ್ಚು ಓಡಿಸಿದರೆ ಹೆಚ್ಚು ಸಿಗುತ್ತದೆ, ಮನೆಯಲ್ಲಿ ಮದುವೆಯಿದ್ದರೆ ಎರಡು ಟ್ರಿಪ್ ಜಾಸ್ತಿ ಹೊಡೆಯಬಹುದು. ಪಗಾರ ನಿಗದಿಯಾದರೆ ಡ್ರೈವರ್ ಢಾಬಾದಲ್ಲೇ ಮಲಗುತ್ತಾನೆಂದು ಮಾಲಕರೂ ದನಿಗೂಡಿಸುತ್ತಾರೆ. ಈ ಸ್ವಾತಂತ್ರ್ಯ ಎಲ್ಲಿಂದ ಬರುತ್ತದೆಂದು ನೋಡಿದರೆ, ಅದು ನಿದ್ದೆಯನ್ನು ಮಾರಿ ಪಡೆದದ್ದು. ಅದರ ಬೆಲೆಯನ್ನು ಅವನೊಬ್ಬನೇ ತೆರುವುದೂ ಇಲ್ಲ. ಎದುರಿನ ಬೈಕಿನವನು, ರಸ್ತೆ ದಾಟುವ ಅಜ್ಜಿ ಕೂಡ ತೆರಬೇಕಾಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಯುರೋಪಿನ ಒಕ್ಕೂಟ ಇದನ್ನು ಅರಿತೇ 2006ರ ತನ್ನ ನಿಯಮದಲ್ಲಿ ದಿನಕ್ಕೆ 9 ಗಂಟೆಯ ಚಾಲನೆ, ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷದ ವಿರಾಮ ಎಂದು ಕಟ್ಟು ಹಾಕಿತು. ಅಷ್ಟಕ್ಕೇ ನಿಲ್ಲದೆ, ರಸ್ತೆ ಸುರಕ್ಷತೆಗೆ ಅಪಾಯ ತರುವಂತೆ ಓಡಿದ ದೂರಕ್ಕೋ ಹೊತ್ತ ಮಾಲಿಗೋ ಜೋಡಿಸಿ ಡ್ರೈವರನಿಗೆ ಹಣ ಕೊಡಬಾರದೆಂದೂ ಕಂಪನಿಗಳಿಗೆ ವಿಧಿಸಿತು. ಕೂಲಿ ಕೊಡುವ ರೀತಿಯೂ ಬ್ರೇಕಿನಂತೆಯೇ ಸುರಕ್ಷತೆಗೆ ಸೇರಿದ ಸಂಗತಿ ಎಂದು ಒಪ್ಪಿಕೊಂಡ ಹಾಗಾಯಿತು.

ಮೂರನೆಯದು ಮಾರುಕಟ್ಟೆಯ ವಾದ. ಡ್ರೈವರ್‌ಗಳ ಕೊರತೆಯಿದೆ, ಕೊರತೆಯಿದ್ದಲ್ಲಿ ಕೂಲಿ ತಾನಾಗಿ ಏರುತ್ತದೆ, ಕಾನೂನು ಯಾಕೆ? ಪುಸ್ತಕದ ಲೆಕ್ಕ ಸರಿ. ಆದರೆ ಅಡ್ವಾನ್ಸಿನ ಬಾಕಿ ಇರುವವನು ಇನ್ನೊಂದು ಕಂಪನಿಗೆ ಹೋಗಲಾರ. ಇಷ್ಟು ವರ್ಷ ಅಪಘಾತವಿಲ್ಲದೆ ಓಡಿಸಿದ್ದೇನೆಂದು ತೋರಿಸಲು ಅವನ ಹತ್ತಿರ ಲೈಸೆನ್ಸ್ ಬಿಟ್ಟರೆ ಬೇರೆ ಕಾಗದವಿಲ್ಲ. ಅನುಭವಿಗೂ ಹೊಸಬನಿಗೂ ಹೆಚ್ಚುಕಡಿಮೆ ಒಂದೇ ದರ. ಇಂಥ ಕಡೆ ಕೂಲಿ ಏರುವ ಬದಲು ಜನ ಕೆಲಸ ಬಿಡುತ್ತಾರೆ, ತನ್ನ ಮಗ ಈ ಕೆಲಸಕ್ಕೆ ಬರಬಾರದೆಂದು ತಂದೆಯೇ ಹೇಳುತ್ತಾನೆ. ಮೈಲಿಯ ಲೆಕ್ಕದಲ್ಲೇ ಕೂಲಿ ಕೊಡುವ ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಅರ್ಥಶಾಸ್ತ್ರಜ್ಞ ಮೈಕೆಲ್ ಬೆಲ್ಜರ್ ಮತ್ತು ಸಂಗಡಿಗರು ಜೆ.ಬಿ. ಹಂಟ್ ಎಂಬ ದೊಡ್ಡ ಕಂಪನಿಯ ದಾಖಲೆಗಳನ್ನು ಪರಿಶೀಲಿಸಿದರು. 1990ರ ದಶಕದಲ್ಲಿ ಆ ಕಂಪನಿ ಕೂಲಿಯನ್ನು ಗಣನೀಯವಾಗಿ ಏರಿಸಿದ ಮೇಲೆ ಕೆಲಸ ಬಿಡುವವರೂ ಕಡಿಮೆಯಾದರು, ಅಪಘಾತವೂ ಕಡಿಮೆಯಾಯಿತು ಎಂಬುದು ಅವರು ಕಂಡದ್ದು.

ನಮ್ಮಲ್ಲಿ ಸುರಕ್ಷತೆಯ ಚರ್ಚೆ ಶಿಕ್ಷೆಯಿಂದ ಆರಂಭವಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ, ಸಾವಿಗೆ ಕಾರಣನಾಗಿ ವರದಿ ಮಾಡದೆ ಪರಾರಿಯಾದ ಚಾಲಕನಿಗೆ 10 ವರ್ಷದವರೆಗೆ ಸೆರೆ ಎಂದಿತು. ಅದನ್ನು ವಿರೋಧಿಸಿ 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಲಾರಿಗಳು ನಿಂತವು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು. ಓಡಿಹೋಗುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನೆಂಟು ತಾಸು ಓಡಿಸಿದವನಿಗೆ ಶಿಕ್ಷೆ ಬರೆಯುವ ಕಾನೂನು, ಹದಿನೆಂಟು ತಾಸು ಓಡಿಸುವಂತೆ ಮಾಡಿದವರ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತಾಡುವುದಿಲ್ಲ. ನ್ಯಾಯಾಲಯಗಳು ಕೆಲವೊಮ್ಮೆ ಹೆಚ್ಚು ದೂರ ನೋಡಿವೆ. ದೆಹಲಿಯಿಂದ ಜಾರ್ಖಂಡದ ನಿಮಿಯಾಘಾಟಿನವರೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಲಾರಿ ಓಡಿಸಿ, ಸಂಕಟವೆನಿಸಿ ಗಾಡಿಯನ್ನು ಹೋಟೆಲಿನ ಹತ್ತಿರ ನಿಲ್ಲಿಸಿ ಕುಸಿದು ಸತ್ತ ಚಾಲಕನ ಪ್ರಕರಣದಲ್ಲಿ, ಅದು ಸಹಜ ಸಾವು ಎಂಬ ವಿಮಾ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ದಣಿವಿಗೂ ಕೆಲಸಕ್ಕೂ ಸಂಬಂಧವಿದೆ ಎಂದು ಮನೆಯವರಿಗೆ ಪರಿಹಾರ ಕೊಡಿಸಿತು. ಸತ್ತ ಮೇಲೆ ಒಪ್ಪಿಕೊಳ್ಳುವ ಈ ಸಂಬಂಧವನ್ನು ಬದುಕಿದ್ದಾಗಲೇ ಒಪ್ಪಿಕೊಳ್ಳಲು ಅಡ್ಡಿಯೇನು?

ಕಲ್ಯಾಣದ ನೆಲದಲ್ಲಿ ಕೂತು ದುಡಿಮೆಯ ಮಾತಾಡುವಾಗ ಕಾಯಕ ಎಂಬುದು ಎಲ್ಲರ ಬಾಯಿಗೂ ಬರುತ್ತದೆ. ಗಂಡ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ಸಭೆಗಳಲ್ಲಿ ದುಡಿಯುವವನಿಗೇ ಹೇಳುತ್ತಾರೆ: ಅತಿಯಾಸೆ ಬೇಡ. ಅದೇ ಪ್ರಶ್ನೆಯನ್ನು ದುಡಿಸಿಕೊಳ್ಳುವವನ ಮುಂದೆ ಇಟ್ಟವರು ಕಡಿಮೆ. ಡ್ರೈವರನ ಎರಡು ದಿನದ ಕಾಯುವಿಕೆಯಿಂದ ಗೋದಾಮಿನ ಬಾಡಿಗೆ ಉಳಿಸಿದ ವ್ಯಾಪಾರಿ ಆಯ್ದುಕೊಂಡ ಹೆಚ್ಚಿನ ಅಕ್ಕಿ ಎಷ್ಟು? ಲಕ್ಕಮ್ಮನ ಮಾತು ಅವನಿಗೂ ಅನ್ವಯಿಸಬೇಕಲ್ಲ.

ಕೇಳುತ್ತಿರುವುದು ದೊಡ್ಡದೇನಲ್ಲ. ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಇರಲೇಬೇಕೆಂಬ ನಿಯಮ 2025ರ ಅಕ್ಟೋಬರ್‌ನಿಂದ ಬಂದಿದೆ, ಒಳ್ಳೆಯದೇ. ಅದರ ಜೊತೆಗೆ ಪ್ರತಿ ಟ್ರಿಪ್ಪಿಗೂ ಡ್ರೈವರನ ಕೈಗೆ ಒಂದು ಚೀಟಿ ಬರಲಿ: ಓಡಿಸಿದ ಗಂಟೆ, ಕಾದ ಗಂಟೆ, ಕೊಟ್ಟ ಕೂಲಿ, ಕಡಿತ ಮಾಡಿದ್ದು, ಅದರ ಕಾರಣ. ಜಿಪಿಎಸ್ ದಾಖಲೆ ಇರುವಾಗ ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಕಾಯಿಸಿದ ಹೊತ್ತಿನ ಹಾಲ್ಟಿಂಗ್ ಅನ್ನು ಕಾಯಿಸಿದವನೇ ಕೊಡಲಿ, ಅದು ಬಾಡಿಗೆಯ ಕರಾರಿನಲ್ಲೇ ಇರಲಿ. ತೂಕ ಮತ್ತು ಡೀಸೆಲಿನ ಕಡಿತ, ಡ್ರೈವರನ ತಪ್ಪು ರುಜುವಾದಾಗ ಮಾತ್ರ ಆಗಲಿ. ಇಷ್ಟನ್ನು ಮಾಡದ ಕಂಪನಿಯವರು, ಮಾಡಿಸದ ವ್ಯಾಪಾರಿಗಳು, ಒಳ್ಳೆಯ ಡ್ರೈವರ್ ಸಿಗುತ್ತಿಲ್ಲವೆಂದು ದೂರುವುದನ್ನು ಮೊದಲು ನಿಲ್ಲಿಸಬೇಕು.