ಮಂದದೃಷ್ಟಿ: ಕಾಯ್ದೆ ಗುರುತಿಸಿದವರನ್ನು ನಾವು ಗುರುತಿಸಿದ್ದೇವೆಯೇ?

ಪೂರ್ಣ ಕತ್ತಲೆಯಲ್ಲಿರುವವರು ಅಂಧರು, ಉಳಿದವರೆಲ್ಲರೂ ಕಣ್ಣುಳ್ಳವರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಎರಡರ ನಡುವೆ ಬಾಳುವ ಮಂದದೃಷ್ಟಿಯವರು ಆ ಕಾರಣದಿಂದಲೇ ನಮ್ಮ ಗಮನಕ್ಕೆ ಬಾರದೆ ಉಳಿದಿದ್ದಾರೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಂದದೃಷ್ಟಿಯೂ ಸೇರಿದೆ. ಸಾಧ್ಯವಿದ್ದಷ್ಟು ಸರಿಪಡಿಸಿದ ಮೇಲೂ ಉತ್ತಮವಾದ ಕಣ್ಣಿನ ದೃಷ್ಟಿ 6/18ನ್ನು ಮೀರದೆ 3/60ರವರೆಗೆ ಇದ್ದರೆ, ಅಥವಾ ನೋಟದ ವ್ಯಾಪ್ತಿ 40 ಡಿಗ್ರಿಗಿಂತ ಕುಗ್ಗಿ 10 ಡಿಗ್ರಿಯವರೆಗೆ ಇಳಿದಿದ್ದರೆ ಅದು ಮಂದದೃಷ್ಟಿ. 6/18 ಎಂದರೆ, ಇತರರು 18 ಮೀಟರು ದೂರದಿಂದ ಓದುವ ಅಕ್ಷರವನ್ನು ಇವರು 6 ಮೀಟರು ಹತ್ತಿರ ಬಂದು ಓದಬೇಕು. ವೈಕಲ್ಯವು ಶೇ. 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ದೊರೆತ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣ, ಪುಸ್ತಕ ಹಾಗೂ ಸಹಾಯಕ ಸಾಧನಗಳ ಹಕ್ಕಿದೆ. ಸರ್ಕಾರಿ ಉದ್ಯೋಗದಲ್ಲಿ ಅಂಧರಿಗೂ ಮಂದದೃಷ್ಟಿಯವರಿಗೂ ಸೇರಿ ಶೇ. 1 ಮೀಸಲಾತಿಯಿದೆ.

ಆದರೆ ಪ್ರಮಾಣಪತ್ರಕ್ಕೆ ಮೊದಲು ಮನೆಯವರು ಬಾಯಿಬಿಡಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವವರಿದ್ದಾರೆ. ಕಪ್ಪುಹಲಗೆ ಕಾಣದ ಮಗುವನ್ನು ದಡ್ಡನೆಂದು ಗದರಿಸುವವರಿದ್ದಾರೆ. ಹೊರಗಿನವರ ಸಂಶಯವಂತೂ ಇನ್ನೂ ಕ್ರೂರವಾದುದು. ಗ್ಲಾಕೋಮಾ ಸಾಮಾನ್ಯವಾಗಿ ನೋಟದ ಅಂಚನ್ನು ಮೊದಲು ಕಬಳಿಸುತ್ತದೆ. ಅಂಥವರು ಪತ್ರಿಕೆ ಓದಬಲ್ಲರು, ಮೆಟ್ಟಿಲಲ್ಲಿ ಎಡವುವರು. ಅಕ್ಷಿಪಟಲದ ನಡುಭಾಗ ಸವೆದವರು ತಾವಾಗಿಯೇ ನಡೆದಾಡಬಲ್ಲರು, ಎದುರು ನಿಂತವರ ಮುಖವನ್ನು ಗುರುತಿಸಲಾರರು. ಇದನ್ನರಿಯದ ನಾವು ಒಬ್ಬರನ್ನು ನಟನೆಯೆಂದೂ ಇನ್ನೊಬ್ಬರನ್ನು ಅಹಂಕಾರವೆಂದೂ ದೂರುತ್ತೇವೆ.

ಬೆತ್ಸಾಯಿದದ ಅಂಧನ ಪ್ರಸಂಗವನ್ನು ಮಾರ್ಕನ ಶುಭಸಂದೇಶ ಮಾತ್ರ ತಿಳಿಸುತ್ತದೆ. ಅವನಿಗೆ ದೃಷ್ಟಿ ಒಮ್ಮೆಗೇ ಪೂರ್ಣವಾಗಿ ಬರಲಿಲ್ಲ. ಮೊದಲು ಜನರು ಮರಗಳಂತೆ ಅಸ್ಪಷ್ಟವಾಗಿ ತೋರಿದರು. ಏನು ಕಾಣುತ್ತಿದೆಯೆಂದು ಯೇಸುಸ್ವಾಮಿ ಅವನನ್ನೇ ವಿಚಾರಿಸಿದರು, ಅವನ ಉತ್ತರವನ್ನು ನಂಬಿದರು. ನಮ್ಮ ಧರ್ಮಕೇಂದ್ರಗಳು ಆರಂಭಿಸಬೇಕಾದುದು ಇಲ್ಲಿಂದಲೇ.

ದೊಡ್ಡಕ್ಷರದ ಗೀತೆಪುಸ್ತಕ, ಮೆಟ್ಟಿಲಂಚಿಗೆ ಬಿಳಿ ಬಣ್ಣದ ಪಟ್ಟಿ, ಸಾಕಷ್ಟು ಬೆಳಕು ಇವಕ್ಕೆ ಹೆಚ್ಚಿನ ಹಣ ಬೇಡ. ಭೇಟಿಯಾದಾಗ ನಮ್ಮ ಹೆಸರು ಹೇಳಿ ಮಾತನಾಡಿಸುವುದಕ್ಕೆ ಹಣವೇ ಬೇಡ. ನಮ್ಮ ಶಾಲೆಗಳ ಅಧ್ಯಾಪಕರು ಸಂಶಯ ಬಂದ ಮಗುವನ್ನು ನೇತ್ರವೈದ್ಯರಲ್ಲಿಗೆ ಕಳುಹಿಸಲಿ. ಸಂತ ವಿನ್ಸೆಂಟ್ ಸಭೆಯವರು ಪ್ರಮಾಣಪತ್ರದ ಅರ್ಜಿಗೆ ನೆರವಾಗಲಿ. ಕಣ್ಣಿನ ಪಾಲಕಿಯಾದ ಸಂತ ಲೂಸಿಯ ಹಬ್ಬ ಡಿಸೆಂಬರ್ 13ರಂದು ಬರುತ್ತದೆ. ಅಷ್ಟರೊಳಗೆ ಪ್ರತಿಯೊಂದು ವಾರ್ಡಿನಲ್ಲೂ ಇಂಥ ಕುಟುಂಬಗಳನ್ನು ಸಂದರ್ಶಿಸಿ, ಅವರಿಗೆ ಬೇಕಾದುದೇನೆಂದು ಅವರ ಬಾಯಿಂದಲೇ ಕೇಳಿ ತಿಳಿಯೋಣ.